ಮೂರನೆಯ ಕಿಲೋವಾಟ್ ಯಾರ ಲಾಭಕ್ಕೆ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ನೆಲೆಸಿರುವ ನಿವೃತ್ತ ಉಪನ್ಯಾಸಕ. ಕೆಳಗಿನ ಮನೆಯಲ್ಲಿ ನಾವಿಬ್ಬರು, ಮಗ, ಸೊಸೆ ಮತ್ತು ಇಬ್ಬರು ಮೊಮ್ಮಕ್ಕಳಿದ್ದೇವೆ. ಮೇಲಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಎರಡು ಮನೆಗೂ ಪ್ರತ್ಯೇಕ ಮೀಟರ್ ಇದೆ. ನಮ್ಮ ಮೀಟರಿನಲ್ಲಿ ತಿಂಗಳಿಗೆ ಸರಾಸರಿ 280 ಯೂನಿಟ್ ಖರ್ಚಾಗುತ್ತದೆ, ಮಂಜೂರಾದ ಲೋಡ್ 2 ಕಿಲೋವಾಟ್. ನಮ್ಮ ಬಳಕೆ ಹೆಚ್ಚೆಂಬ ಕಾರಣಕ್ಕೆ ಗೃಹ ಜ್ಯೋತಿ ದೊರೆಯಲಿಲ್ಲ, ಬಾಡಿಗೆಯವರಿಗೆ ಸೊನ್ನೆ ಬಿಲ್ ಬರುತ್ತಿದೆ. ಈಗ ಸೋಲಾರ್ ಕಂಪನಿಯ ಪ್ರತಿನಿಧಿಯೊಬ್ಬರು ತಾರಸಿಯ ಮೇಲೆ 3 ಕಿಲೋವಾಟ್ ಪ್ಯಾನೆಲ್ ಹಾಕಿಸಿರೆಂದು ಒತ್ತಾಯಿಸುತ್ತಿದ್ದಾರೆ. ಒಟ್ಟು 2 ಲಕ್ಷ ರೂಪಾಯಿ, ಸಬ್ಸಿಡಿ 78,000, ಬಿಲ್ ಶಾಶ್ವತವಾಗಿ ಸೊನ್ನೆ, ಕರೆಂಟ್ ಹೋದಾಗಲೂ ಮನೆಗೆ ಬೆಳಕು ಎನ್ನುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿರುವ ಮಗಳು ಮಾತ್ರ, ಅಲ್ಲಿನ ಸರ್ಕಾರ ಸೋಲಾರ್ ಮನೆಗಳಿಗೆ ಕೊಡುತ್ತಿದ್ದ ದರವನ್ನು ನಡುವೆ ಕಡಿತಗೊಳಿಸಿತು, ಇಲ್ಲಿಯೂ ಹಾಗಾಗಬಹುದು ಎಂದು ಎಚ್ಚರಿಸುತ್ತಾಳೆ. ನಾವು ಪ್ಯಾನೆಲ್ ಹಾಕಿಸಿದರೆ ಬಾಡಿಗೆಯವರ ಗೃಹ ಜ್ಯೋತಿ ನಿಂತುಹೋಗುತ್ತದೆಯೇ? ಪಾವಗಡದಲ್ಲಿ ಅಷ್ಟು ಅಗ್ಗವಾಗಿ ವಿದ್ಯುತ್ ತಯಾರಾಗುತ್ತಿದ್ದರೂ ನಮ್ಮ ಬಿಲ್ ಏಕೆ ಇಳಿಯುತ್ತಿಲ್ಲ? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದದ್ದು, ಬಹುತೇಕರು ಬರೆಯದೇ ಬಿಡುವ ಒಂದು ವಿವರ: ನಿಮ್ಮ ಮಂಜೂರಾದ ಲೋಡ್, ಅಂದರೆ ಒಂದೇ ಹೊತ್ತಿಗೆ ಬಳಸಲು ನಿಮಗೆ ಅನುಮತಿಯಿರುವ ಗರಿಷ್ಠ ವಿದ್ಯುತ್, 2 ಕಿಲೋವಾಟ್ ಎಂಬುದು. ವಿದ್ಯುತ್ ಸರಬರಾಜು ಕ್ಷೇತ್ರದಲ್ಲಿ ಎಂಜಿನಿಯರ್ ಆಗಿ ಕಳೆದ ವರ್ಷಗಳಲ್ಲಿಯೂ, ಈಗ ಮನೆ ಮನೆಯ ತಾರಸಿ ಹತ್ತಿ ಸಲಹೆ ನೀಡುವಾಗಲೂ ನಾನು ಕಂಡಂತೆ, ಸೋಲಾರ್ ಲೆಕ್ಕ ತಪ್ಪುವುದು ಬಿಸಿಲಿನ ಅಂದಾಜಿನಲ್ಲಲ್ಲ. ಬಿಲ್ಲಿನ ಮೇಲ್ಭಾಗದಲ್ಲಿ ಯಾರೂ ಓದದೆ ಬಿಡುವ ಆ ಒಂದು ಸಾಲಿನಲ್ಲಿ ಅದು ತಪ್ಪುತ್ತದೆ. ನಿಮ್ಮ ಆತಂಕವನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ಹಾಕಿದ ಹಣ ಹಿಂದಿರುಗುತ್ತದೆಯೇ, ಹಿಂದಿರುಗುವ ಮೊದಲೇ ಸರ್ಕಾರದ ನಿಯಮ ಬದಲಾದರೆ ಗತಿಯೇನು, ಮತ್ತು ಇದರಿಂದ ಬಾಡಿಗೆಯವರಿಗೆ ತೊಂದರೆಯಾಗುತ್ತದೆಯೇ.

ಮೊದಲು ಸೊನ್ನೆ ಬಿಲ್ಲಿನ ಮಾತನ್ನು ನೋಡೋಣ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರಪಟ್ಟಿಯ ಪ್ರಕಾರ 2025-26ರ ಸಾಲಿಗೆ ಗೃಹಬಳಕೆಯ ಪ್ರತಿ ಯೂನಿಟ್ಟಿಗೆ 5.80 ರೂಪಾಯಿ, ಮಂಜೂರಾದ ಲೋಡಿನ ಪ್ರತಿ ಕಿಲೋವಾಟ್‌ಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ. ಇದರ ಜೊತೆಗೆ ವಿದ್ಯುತ್ ನಿಗಮಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಬಾಬ್ತು ಯೂನಿಟ್ಟಿಗೆ 36 ಪೈಸೆ, ವಿದ್ಯುತ್ ಶುಲ್ಕದ ಮೇಲೆ ಶೇ 9ರಷ್ಟು ತೆರಿಗೆ. ಇಂಧನ ವೆಚ್ಚ ಹೊಂದಾಣಿಕೆಯ ಶುಲ್ಕ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇನೆ. ಈ ಲೆಕ್ಕದಲ್ಲಿ 280 ಯೂನಿಟ್ ಬಳಸುವ ನಿಮ್ಮ ಮನೆಯ ಬಿಲ್ ಹತ್ತಿರ ಹತ್ತಿರ 2,160 ರೂಪಾಯಿ. ಅದರಲ್ಲಿ 290 ರೂಪಾಯಿ ನಿಗದಿತ ಶುಲ್ಕ. ಉಳಿದದ್ದೆಲ್ಲ ಯೂನಿಟ್ಟಿನ ಜೊತೆ ಏರಿಳಿಯುವಂಥದ್ದು, ಯೂನಿಟ್ಟೊಂದಕ್ಕೆ ಸುಮಾರು 6.68 ರೂಪಾಯಿ. ಪ್ಯಾನೆಲ್ ಕಡಿಮೆ ಮಾಡುವುದು ಈ ಎರಡನೆಯ ಭಾಗವನ್ನು ಮಾತ್ರ. ನೀವು ತಿಂಗಳಿಡೀ ಒಂದು ಯೂನಿಟ್ ಕೂಡ ಕಂಬದಿಂದ ಪಡೆಯದಿದ್ದರೂ ನಿಗದಿತ ಶುಲ್ಕ ಬಂದೇ ಬರುತ್ತದೆ. ಆದ್ದರಿಂದ ಬಿಲ್ ಶಾಶ್ವತವಾಗಿ ಸೊನ್ನೆಯಾಗುತ್ತದೆಂಬ ಮಾತು ಮೊದಲ ತಿಂಗಳಿನಲ್ಲೇ ಸುಳ್ಳಾಗುತ್ತದೆ.

ಹಾಗೆಂದು ಪ್ಯಾನೆಲ್ ವ್ಯರ್ಥವಲ್ಲ. ನಮ್ಮ ಮಧ್ಯ ಕರ್ನಾಟಕದ ಬಿಸಿಲಿನಲ್ಲಿ ನೆರಳಿಲ್ಲದ ತಾರಸಿಯ ಮೇಲೆ ಒಂದು ಕಿಲೋವಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್, ತಿಂಗಳಿಗೆ 120 ಯೂನಿಟ್ ಕೊಡುತ್ತದೆ. ಮಾರ್ಚ್, ಏಪ್ರಿಲ್‌ಗಳಲ್ಲಿ ಇದಕ್ಕಿಂತ ಹೆಚ್ಚು, ಆಷಾಢದ ಮೋಡದಲ್ಲಿ ಕಡಿಮೆ. ಅಂದರೆ 2 ಕಿಲೋವಾಟ್ ಹಾಕಿಸಿದರೆ 240 ಯೂನಿಟ್. ನಿಮ್ಮ 280ರಲ್ಲಿ ಅಷ್ಟು ಕಳೆದು 40 ಯೂನಿಟ್ಟಿಗೆ ಮಾತ್ರ ದರ ಕೊಡಬೇಕಾಗುತ್ತದೆ. ಬಿಲ್ 2,160ರಿಂದ ಸುಮಾರು 560ಕ್ಕೆ ಇಳಿಯುತ್ತದೆ, ತಿಂಗಳ ಉಳಿತಾಯ 1,600 ರೂಪಾಯಿ. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವಾಟ್‌ಗೆ ತಲಾ 30,000 ರೂಪಾಯಿ ಸಬ್ಸಿಡಿ ಇದೆ. 2 ಕಿಲೋವಾಟ್‌ನ ಒಟ್ಟು ವೆಚ್ಚ 1 ಲಕ್ಷ 40 ಸಾವಿರವೆಂದು ಇಟ್ಟುಕೊಂಡರೆ ನಿಮ್ಮ ಕೈಯಿಂದ ಹೋಗುವುದು 80,000. ನಾಲ್ಕರಿಂದ ಐದು ವರ್ಷದಲ್ಲಿ ಅದು ಮರಳುತ್ತದೆ. ಮನೆಯ ಮಟ್ಟಿಗೆ ಇದು ಒಳ್ಳೆಯ ಹೂಡಿಕೆಯೇ ಸರಿ.

ಈಗ ಪ್ರತಿನಿಧಿ ಹೇಳುತ್ತಿರುವ ಮೂರನೆಯ ಕಿಲೋವಾಟನ್ನು ಬೇರೆಯಾಗಿ ಎತ್ತಿ ತೂಗಿ ನೋಡಿ. ಅದರ ಬೆಲೆ 60,000. ಆದರೆ ಸಬ್ಸಿಡಿ 30,000 ಅಲ್ಲ, 18,000 ಮಾತ್ರ. ಮೊದಲ ಎರಡು ಕಿಲೋವಾಟ್‌ಗೆ ಸರ್ಕಾರ ತಾನು ಅಂದಾಜಿಸಿದ ವೆಚ್ಚದ ಶೇ 60ರಷ್ಟನ್ನೂ ಮೂರನೆಯದಕ್ಕೆ ಶೇ 40ರಷ್ಟನ್ನೂ ಕೊಡುತ್ತದೆ. ಹೀಗಾಗಿ ಇದಕ್ಕಾಗಿ ನಿಮ್ಮ ಜೇಬಿನಿಂದ 42,000 ಹೋಗುತ್ತದೆ. ಇದು ತಯಾರಿಸುವ 120 ಯೂನಿಟ್ಟಿನಲ್ಲಿ ನಿಮ್ಮ ಬಳಕೆಗೆ ಬೇಕಾಗಿರುವುದು ಉಳಿದ 40 ಯೂನಿಟ್ ಮಾತ್ರ. ಅದರ ಬೆಲೆ 267 ರೂಪಾಯಿ. ಮಿಕ್ಕ 80 ಯೂನಿಟ್ ಹೆಚ್ಚುವರಿಯಾಗಿ ಎಸ್ಕಾಂಗೆ, ಅಂದರೆ ನಿಮಗೆ ವಿದ್ಯುತ್ ಪೂರೈಸುವ ಕಂಪನಿಗೆ ಹೋಗುತ್ತದೆ, ಅದಕ್ಕೆ ಸಿಗುವುದು ನೀವು ಕೊಡುವ ದರವಲ್ಲ, ಆಯೋಗ ನಿಗದಿಪಡಿಸಿದ ಖರೀದಿ ದರ. ಸಬ್ಸಿಡಿ ಪಡೆದವರಿಗೆ ಅದು ಇನ್ನೂ ಕಡಿಮೆ. ಯೂನಿಟ್ಟಿಗೆ ಮೂರು ರೂಪಾಯಿ ಎಂದು ಉದಾರವಾಗಿಯೇ ಹಿಡಿದರೂ 240 ರೂಪಾಯಿ. ಇಲ್ಲಿಗೆ ಮುಗಿಯಲಿಲ್ಲ. ನಿಮ್ಮ ಮಂಜೂರಾದ ಲೋಡ್ 2 ಕಿಲೋವಾಟ್ ಆಗಿರುವುದರಿಂದ 3 ಕಿಲೋವಾಟ್ ಪ್ಯಾನೆಲ್ ಜೋಡಿಸಬೇಕಾದರೆ ಲೋಡನ್ನೂ 3 ಕಿಲೋವಾಟ್‌ಗೆ ಏರಿಸಿಕೊಳ್ಳಬೇಕಾಗುತ್ತದೆ. ಆಗ ನಿಗದಿತ ಶುಲ್ಕ ತಿಂಗಳಿಗೆ 145 ರೂಪಾಯಿ ಹೆಚ್ಚುತ್ತದೆ, ಮಳೆಗಾಲವಾಗಲಿ ಬೇಸಿಗೆಯಾಗಲಿ ತಪ್ಪದೆ. ಕೂಡಿ ಕಳೆದರೆ ಮೂರನೆಯ ಕಿಲೋವಾಟ್ ನಿಮಗೆ ಗಳಿಸಿಕೊಡುವುದು ತಿಂಗಳಿಗೆ ಸುಮಾರು 360 ರೂಪಾಯಿ. ಹಾಕಿದ 42,000 ಮರಳಲು ಒಂಬತ್ತು, ಹತ್ತು ವರ್ಷ ಬೇಕು, ಅಷ್ಟು ಹೊತ್ತಿಗೆ ಇನ್ವರ್ಟರ್ ಬದಲಾಯಿಸುವ ಖರ್ಚು ಬಾಗಿಲು ತಟ್ಟುತ್ತಿರುತ್ತದೆ. ಮಾರುವವರಿಗೆ 3 ಕಿಲೋವಾಟ್ ಏಕೆ ಇಷ್ಟವೆಂದರೆ ಸಬ್ಸಿಡಿ ಅಲ್ಲಿ ಗರಿಷ್ಠಕ್ಕೆ ಮುಟ್ಟುತ್ತದೆ, ಜಾಹೀರಾತಿನಲ್ಲಿ 78,000 ಎಂಬ ಅಂಕಿ ಚೆನ್ನಾಗಿ ಕಾಣುತ್ತದೆ. ಸಬ್ಸಿಡಿಯ ಗಾತ್ರ ನೋಡಿ ಪ್ಯಾನೆಲ್ ಅಳೆಯುವುದು, ತಲೆಯ ಅಳತೆ ತೆಗೆದುಕೊಳ್ಳದೆ ರಿಯಾಯಿತಿ ಇದೆಯೆಂದು ಪೇಟ ಕೊಂಡಂತೆ.

ನಿಗದಿತ ಶುಲ್ಕಕ್ಕೆ ನಾನೇಕೆ ಇಷ್ಟು ಒತ್ತು ಕೊಡುತ್ತಿದ್ದೇನೆ ಎಂಬುದಕ್ಕೆ ಕಾರಣವಿದೆ. ಶುದ್ಧ ಇಂಧನದ ನೀತಿ ಗೃಹಬಳಕೆದಾರರನ್ನು ಮುಟ್ಟುತ್ತಿರುವುದು ಸಬ್ಸಿಡಿಯ ಮೂಲಕ ಎಷ್ಟೋ, ಸದ್ದಿಲ್ಲದೆ ಈ ಸಾಲಿನ ಮೂಲಕವೂ ಅಷ್ಟೇ. 2024ರ ಏಪ್ರಿಲ್‌ನಲ್ಲಿ ಆಯೋಗ ಗೃಹಬಳಕೆಯ ಸ್ಲ್ಯಾಬುಗಳನ್ನು ತೆಗೆದುಹಾಕಿ ಯೂನಿಟ್ಟಿಗೆ 5.90 ರೂಪಾಯಿಯ ಒಂದೇ ದರ ಮಾಡಿತು. ಆಗ ನಿಗದಿತ ಶುಲ್ಕ ಕಿಲೋವಾಟ್‌ಗೆ 120 ರೂಪಾಯಿ ಇತ್ತು. ಮರುವರ್ಷ ಯೂನಿಟ್ ದರ 10 ಪೈಸೆ ಇಳಿಯಿತು, ನಿಗದಿತ ಶುಲ್ಕ 25 ರೂಪಾಯಿ ಏರಿತು. ಪತ್ರಿಕೆಗಳಲ್ಲಿ ಮೊದಲನೆಯದು ಇಳಿಕೆ, ಎರಡನೆಯದು ಏರಿಕೆ ಎಂದು ಬೇರೆ ಬೇರೆ ಸುದ್ದಿಯಾಗಿ ಬಂದವು. ನನ್ನ ಅಭಿಪ್ರಾಯದಲ್ಲಿ ಎರಡೂ ಒಂದೇ ಸುದ್ದಿ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್, ಲೈನ್‌ಮನ್‌ಗಳ ಸಂಬಳ ಇವೆಲ್ಲ ನೀವು ಎಷ್ಟು ಯೂನಿಟ್ ಬಳಸಿದರೂ ಅಷ್ಟೇ ಇರುವ ಖರ್ಚುಗಳು. ಉಷ್ಣ ವಿದ್ಯುತ್ ಸ್ಥಾವರಗಳ ಜೊತೆಗಿನ ಖರೀದಿ ಒಪ್ಪಂದಗಳಲ್ಲಿಯೂ ಎರಡು ಭಾಗಗಳಿವೆ: ವಿದ್ಯುತ್ ತೆಗೆದುಕೊಂಡರೆ ಕಲ್ಲಿದ್ದಲಿನ ಬೆಲೆ, ತೆಗೆದುಕೊಳ್ಳದಿದ್ದರೂ ಸ್ಥಾವರ ಸಿದ್ಧವಾಗಿ ನಿಂತಿದ್ದಕ್ಕೆ ಸಾಮರ್ಥ್ಯ ಶುಲ್ಕ. ಈ ಎಲ್ಲ ಸ್ಥಿರ ಖರ್ಚುಗಳನ್ನು ಹಿಂದೆ ಬಹುಮಟ್ಟಿಗೆ ಯೂನಿಟ್ ದರದಲ್ಲಿಯೇ ಬೆರೆಸಿ ವಸೂಲು ಮಾಡುತ್ತಿದ್ದರು. ಚೆನ್ನಾಗಿ ಬಿಲ್ ಕಟ್ಟುವ ಮನೆಗಳು, ಕಾರ್ಖಾನೆಗಳು ತಮ್ಮ ವಿದ್ಯುತ್ತನ್ನು ತಾವೇ ತಯಾರಿಸಿಕೊಳ್ಳತೊಡಗಿದಂತೆ ಮಾರಾಟವಾಗುವ ಯೂನಿಟ್ ಕಡಿಮೆಯಾಗುತ್ತದೆ, ಖರ್ಚು ಹಾಗೆಯೇ ಉಳಿಯುತ್ತದೆ. ಆಗ ಅದನ್ನು ಯೂನಿಟ್ಟಿನಿಂದ ಕಿಲೋವಾಟಿಗೆ ವರ್ಗಾಯಿಸದೆ ಆಯೋಗಕ್ಕೆ ಬೇರೆ ದಾರಿ ಇರುವುದಿಲ್ಲ. ಇದು ನ್ಯಾಯವೇ ಅನ್ಯಾಯವೇ ಎಂಬುದನ್ನು ಚರ್ಚಿಸಬಹುದು. ಆದರೆ ಇಪ್ಪತ್ತೈದು ವರ್ಷ ಬಾಳುವ ವಸ್ತುವನ್ನು ಕೊಳ್ಳುವವರು ಯೂನಿಟ್ ದರ ವರ್ಷ ವರ್ಷ ಏರುತ್ತಲೇ ಹೋಗುತ್ತದೆ, ಹಾಗಾಗಿ ಉಳಿತಾಯವೂ ಏರುತ್ತಲೇ ಹೋಗುತ್ತದೆ ಎಂಬ ಮಾರಾಟಗಾರರ ಕೋಷ್ಟಕವನ್ನು ನಂಬಬಾರದು. ನಿಮಗೆ ಕೊಟ್ಟ ಕಾಗದದಲ್ಲಿಯೂ ಅಂಥ ಕೋಷ್ಟಕ ಇದ್ದೀತು. ಅದರಲ್ಲಿ ದರವನ್ನು ಈಗಿನ ಮಟ್ಟದಲ್ಲಿಯೇ ನಿಲ್ಲಿಸಿ ಮತ್ತೆ ಲೆಕ್ಕ ಹಾಕಿಕೊಡುವಂತೆ ಕೇಳಿ.

ಪಾವಗಡದ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ತುಮಕೂರು ಜಿಲ್ಲೆಯ ಆ ಬರಡು ಸೀಮೆಯಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಪ್ಯಾನೆಲ್‌ಗಳಿವೆ. ದೇಶದ ಹರಾಜುಗಳಲ್ಲಿ ಸೌರ ವಿದ್ಯುತ್ತಿನ ಬೆಲೆ 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಯೂನಿಟ್ಟಿಗೆ 2.44 ರೂಪಾಯಿಗೂ, 2020ರ ಡಿಸೆಂಬರಿನಲ್ಲಿ ಗುಜರಾತಿನಲ್ಲಿ 1.99 ರೂಪಾಯಿಗೂ ಇಳಿದದ್ದು ನಿಜ. ಆದರೆ ಅದು ಮಧ್ಯಾಹ್ನದ ವಿದ್ಯುತ್ತಿನ ಬೆಲೆ, ಅದೂ ಸ್ಥಾವರದ ಬಾಗಿಲಿನಲ್ಲಿ. ನಿಮ್ಮ ಮನೆಯಲ್ಲಿ ದೀಪ, ಟಿ.ವಿ., ಮಿಕ್ಸಿ, ಫ್ಯಾನ್ ಎಲ್ಲವೂ ಒಟ್ಟಿಗೆ ಓಡುವುದು ಸಂಜೆ ಏಳರಿಂದ ಹತ್ತರವರೆಗೆ. ಆ ಹೊತ್ತಿಗೆ ಪಾವಗಡದಲ್ಲಿ ಕತ್ತಲು. ಆಗ ಬೇಕಾಗುವುದು ಶರಾವತಿ, ಕಾಳಿ ನದಿಗಳ ನೀರು, ಇಲ್ಲವೇ ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲು, ಅದೂ ಸಾಲದಿದ್ದರೆ ಮಾರುಕಟ್ಟೆಯಿಂದ ದುಬಾರಿ ಖರೀದಿ. 2023ರಂತೆ ಮಳೆ ಕೈಕೊಟ್ಟ ವರ್ಷದಲ್ಲಿ ಜಲಾಶಯ ಬರಿದಾಗುವುದೂ ಪಂಪ್‌ಸೆಟ್‌ಗಳು ಹೆಚ್ಚು ಓಡುವುದೂ ಒಟ್ಟಿಗೇ ಬಂದು ಕೂರುತ್ತವೆ. ಹಗಲಿನ ಅಗ್ಗದ ವಿದ್ಯುತ್ತನ್ನು ರಾತ್ರಿಗೆ ಎತ್ತಿಡಬೇಕಾದರೆ ಬ್ಯಾಟರಿ ಬೇಕು, ಇಲ್ಲವೇ ನೀರನ್ನು ಮೇಲಿನ ಜಲಾಶಯಕ್ಕೆ ಏರಿಸಿಡುವ ಪಂಪ್ಡ್ ಸ್ಟೋರೇಜ್ ಬೇಕು. ಶರಾವತಿ ಕಣಿವೆಯಲ್ಲಿ ಯೋಜಿಸಿರುವ 2,000 ಮೆಗಾವಾಟ್‌ನ ಅಂಥ ಸ್ಥಾವರಕ್ಕೆ ಮಲೆನಾಡಿನವರು ಏಕೆ ವಿರೋಧಿಸುತ್ತಿದ್ದಾರೆ ಎಂಬುದು ನಿಮಗೆ ತಿಳಿದೇ ಇದೆ. ಯಾವ ದಾರಿ ಹಿಡಿದರೂ ಅದರ ವೆಚ್ಚ ಕೊನೆಗೆ ದರಪಟ್ಟಿಗೇ ಬಂದು ಸೇರುತ್ತದೆ. ಅಗ್ಗದ ಸೌರ ವಿದ್ಯುತ್ ಬಾರದೇ ಇದ್ದಿದ್ದರೆ ಖರೀದಿ ವೆಚ್ಚ ಇನ್ನೂ ಹೆಚ್ಚಿರುತ್ತಿತ್ತು ಎಂಬುದೂ ಸತ್ಯ. ಆದರೆ ಏರದೆ ಉಳಿದ ದರ ಯಾರ ಕಣ್ಣಿಗೂ ಬೀಳುವುದಿಲ್ಲ.

ಬಾಡಿಗೆಯವರ ಬಗ್ಗೆ ನೀವು ಚಿಂತಿಸಬೇಕಿಲ್ಲ. ಗೃಹ ಜ್ಯೋತಿಯ ಲೆಕ್ಕ ಆರ್‌ಆರ್ ನಂಬರಿನ, ಅಂದರೆ ವಿದ್ಯುತ್ ಸಂಪರ್ಕದ ಸಂಖ್ಯೆಯ ಮೇಲೆ ನಡೆಯುತ್ತದೆ, ಕಟ್ಟಡದ ಮೇಲಲ್ಲ. ಮೇಲಿನ ಮನೆಯ ಮೀಟರ್ ಬೇರೆ, ಅದಕ್ಕೆ ಜೋಡಿಸಿದ ಆಧಾರ್ ಬೇರೆ. ಕೆಳಗಿನ ಮನೆಯ ಮೀಟರಿಗೆ ಪ್ಯಾನೆಲ್ ಜೋಡಿಸಿದರೆ ಮೇಲಿನದಕ್ಕೆ ಏನೂ ಆಗುವುದಿಲ್ಲ. ಕೆಲವು ಗುತ್ತಿಗೆದಾರರು ಎರಡೂ ಮನೆಯನ್ನು ಒಂದೇ ಮೀಟರಿಗೆ ಸೇರಿಸಿಬಿಡೋಣ, ದೊಡ್ಡ ಪ್ಯಾನೆಲ್ ಹಾಕಬಹುದು ಎಂದು ಸಲಹೆ ಕೊಡುತ್ತಾರೆ. ಅದನ್ನು ಮಾತ್ರ ಒಪ್ಪಬೇಡಿ. ಬಾಡಿಗೆಯವರ ಸೊನ್ನೆ ಬಿಲ್ ಆ ಕ್ಷಣವೇ ಹೋಗುತ್ತದೆ, ಅವರೂ ಹೋಗುತ್ತಾರೆ.

ಇಲ್ಲೊಂದು ವಿಪರ್ಯಾಸವನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. 2023ರ ಆಗಸ್ಟ್ ಬಿಲ್ಲಿನಿಂದ ಆರಂಭವಾದ ಗೃಹ ಜ್ಯೋತಿ, 2022-23ರ ಸರಾಸರಿ ಬಳಕೆಯನ್ನು ಆಧಾರವಾಗಿಟ್ಟುಕೊಂಡು ತಿಂಗಳಿಗೆ ಗರಿಷ್ಠ 200 ಯೂನಿಟ್‌ವರೆಗೆ ಉಚಿತವಾಗಿ ಕೊಡುತ್ತದೆ, ನಿಗದಿತ ಶುಲ್ಕವೂ ಸೇರಿ. 2024ರ ಫೆಬ್ರುವರಿಯಲ್ಲಿ ಬಂದ ಸೂರ್ಯಘರ್ ಯೋಜನೆ ಒಂದು ಕೋಟಿ ಮನೆಗಳ ತಾರಸಿಗೆ ಪ್ಯಾನೆಲ್ ಹಾಕಿಸಲು 75,021 ಕೋಟಿ ರೂಪಾಯಿ ಮೀಸಲಿಟ್ಟಿದೆ. ರಾಜ್ಯ ವಿದ್ಯುತ್ತನ್ನೇ ಉಚಿತವಾಗಿ ಕೊಡುತ್ತಿರುವಾಗ ಕೇಂದ್ರದ ಸಬ್ಸಿಡಿ ಪಡೆದು ಪ್ಯಾನೆಲ್ ಹಾಕಿಸಿಕೊಳ್ಳಲು ಆ ಮನೆಗಳಿಗೆ ಕಾರಣವೇ ಇಲ್ಲ. ನನ್ನ ಬಳಿ ಸಲಹೆ ಕೇಳುವ ಗೃಹ ಜ್ಯೋತಿ ಫಲಾನುಭವಿಗಳಿಗೆ ಸದ್ಯ ಹಣ ಹಾಕಬೇಡಿ ಎಂದೇ ಹೇಳುತ್ತೇನೆ. ಬಿಸಿಲಿಗೆ ಹೆಸರಾದ ನಮ್ಮ ರಾಜ್ಯ ತಾರಸಿ ಸೋಲಾರಿನಲ್ಲಿ ಗುಜರಾತ್, ಮಹಾರಾಷ್ಟ್ರಗಳಿಗಿಂತ ಬಹಳ ಹಿಂದೆ ಉಳಿದಿರುವುದಕ್ಕೆ ಇದೂ ಒಂದು ಕಾರಣ. ನಿಮ್ಮಂತೆ 200 ಯೂನಿಟ್ಟಿನ ಗಡಿ ದಾಟಿದವರಿಗೆ ಮಾತ್ರ ಈ ಲೆಕ್ಕ ಕೂಡಿಬರುತ್ತದೆ.

ಇದೇ ಮಾತಿಗೆ ಸೇರಿಸಿ, ಸೂರ್ಯಘರ್‌ನಲ್ಲಿ 300 ಯೂನಿಟ್ ಉಚಿತ ಎಂಬ ಪ್ರಚಾರವನ್ನೂ ಸರಿಯಾಗಿ ತಿಳಿಯಬೇಕು. ಸರ್ಕಾರ ಯಾರಿಗೂ 300 ಯೂನಿಟ್ ಕೊಡುವುದಿಲ್ಲ. ನಿಮ್ಮ ಹಣದಲ್ಲಿ ನಿಮ್ಮ ತಾರಸಿಯ ಮೇಲೆ ನೀವೇ ತಯಾರಿಸಿಕೊಂಡ ವಿದ್ಯುತ್ ಅದು. ಸಬ್ಸಿಡಿಯೂ ಆರಂಭದಲ್ಲಿಯೇ ಬೆಲೆಯಿಂದ ಕಳೆದು ಬರುವುದಿಲ್ಲ. ನೀವು ಪೂರ್ತಿ ಹಣ ಕೊಟ್ಟು, ಪ್ಯಾನೆಲ್ ಕೂರಿಸಿ, ಪಡೆದ ಮತ್ತು ಹೊರಗೆ ಕಳುಹಿಸಿದ ಯೂನಿಟ್ ಎರಡನ್ನೂ ಅಳೆಯುವ ನೆಟ್ ಮೀಟರ್ ಹಾಕಿ, ಎಸ್ಕಾಂ ಪರಿಶೀಲಿಸಿ ಚಾಲನೆ ಕೊಟ್ಟ ನಂತರ ಅದು ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಸಬ್ಸಿಡಿ ನಮ್ಮ ಮೂಲಕ ಬರುತ್ತದೆ, ನೀವು ಉಳಿದದ್ದನ್ನು ಕೊಟ್ಟರೆ ಸಾಕು ಎನ್ನುವವರನ್ನು ಅಲ್ಲಿಯೇ ನಿಲ್ಲಿಸಿ. ರಾಷ್ಟ್ರೀಯ ಪೋರ್ಟಲ್‌ನಲ್ಲಿ ನೋಂದಾಯಿತರಾದ ಗುತ್ತಿಗೆದಾರರೇ ಕೆಲಸ ಮಾಡಬೇಕು, ಪ್ಯಾನೆಲ್‌ಗಳು ದೇಶದಲ್ಲಿ ತಯಾರಾದ ಕೋಶಗಳಿಂದ ಮಾಡಿದವಾಗಿರಬೇಕು, ಐದು ವರ್ಷದ ನಿರ್ವಹಣೆ ಅವರ ಹೊಣೆಯಾಗಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಸಬ್ಸಿಡಿ ತಪ್ಪುವ ಅಪಾಯವಿದೆ. 2025ರ ಸೆಪ್ಟೆಂಬರ್ 22ರಿಂದ ಸೌರ ಉಪಕರಣಗಳ ಮೇಲಿನ ಜಿ.ಎಸ್.ಟಿ. ಶೇ 12ರಿಂದ 5ಕ್ಕೆ ಇಳಿದಿದೆ. ನಿಮಗೆ ಕೊಟ್ಟ ದರಪತ್ರ ಹಳೆಯ ತೆರಿಗೆಯ ಮೇಲೆ ಬರೆದದ್ದೇ ಎಂಬುದನ್ನೂ ಒಮ್ಮೆ ನೋಡಿಕೊಳ್ಳಿ.

ಕರೆಂಟ್ ಹೋದಾಗಲೂ ಮನೆಗೆ ಬೆಳಕು ಎಂಬ ಮಾತು ಮಾತ್ರ ನನಗೆ ಸಿಟ್ಟು ತರಿಸುತ್ತದೆ, ಏಕೆಂದರೆ ಹೇಳುವವರಿಗೆ ಅದು ಸುಳ್ಳೆಂದು ಚೆನ್ನಾಗಿ ಗೊತ್ತಿರುತ್ತದೆ. ಬ್ಯಾಟರಿಯಿಲ್ಲದ ಸಾಮಾನ್ಯ ಸೋಲಾರ್ ಇನ್ವರ್ಟರ್, ಕಂಬದ ವಿದ್ಯುತ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಉರಿಬಿಸಿಲಿನ ಮಧ್ಯಾಹ್ನವಾದರೂ ಅಷ್ಟೇ. ಇದು ದೋಷವಲ್ಲ. ಲೈನ್ ಬಂದ್ ಮಾಡಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ತಾರಸಿಯಿಂದ ಹಿಮ್ಮುಖವಾಗಿ ಹರಿದ ವಿದ್ಯುತ್ ತಗುಲಬಾರದೆಂದು ಹಾಗೆ ಮಾಡಿರುತ್ತಾರೆ. ಕತ್ತಲಲ್ಲಿ ಬೆಳಕು ಬೇಕೆಂದರೆ ಬ್ಯಾಟರಿಯಿರುವ ಹೈಬ್ರಿಡ್ ವ್ಯವಸ್ಥೆ ಹಾಕಿಸಬೇಕು. ಬ್ಯಾಟರಿಗೆ ಸಬ್ಸಿಡಿ ಇಲ್ಲ, ಅದನ್ನು ಸೇರಿಸಿದರೆ ಮೇಲೆ ಹೇಳಿದ ನಾಲ್ಕೈದು ವರ್ಷದ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. ಮನೆಯಲ್ಲಿ ಈಗಾಗಲೇ ಯುಪಿಎಸ್ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ದಿನಕ್ಕೆ ಗಂಟೆ ಎರಡು ಗಂಟೆ ಕರೆಂಟ್ ಹೋಗುವ ಪಟ್ಟಣದ ಮನೆಗೆ ಅದು ಸಾಕು.

ನಿಮ್ಮ ಮಗಳ ಎಚ್ಚರಿಕೆ ಹುಸಿಯಲ್ಲ. ಕ್ಯಾಲಿಫೋರ್ನಿಯಾದಲ್ಲಿ 2023ರ ಏಪ್ರಿಲ್ ನಂತರ ಅರ್ಜಿ ಹಾಕಿದವರಿಗೆ, ಹೊರಗೆ ಕಳುಹಿಸುವ ಸೌರ ವಿದ್ಯುತ್ತಿಗೆ ಸಿಗುವ ಬೆಲೆ ಸರಾಸರಿ ಮುಕ್ಕಾಲು ಪಾಲು ಕಡಿತವಾಯಿತು. ಆದರೆ ಅದಕ್ಕೂ ಮೊದಲು ಜೋಡಿಸಿಕೊಂಡವರ ಹಳೆಯ ವ್ಯವಸ್ಥೆಯನ್ನು ಇಪ್ಪತ್ತು ವರ್ಷದವರೆಗೆ ಉಳಿಸಿದರು ಎಂಬುದನ್ನೂ ಗಮನಿಸಬೇಕು. ನಮ್ಮಲ್ಲಿಯೂ ಇಂಥದ್ದು ಆಗಿಹೋಗಿದೆ. 2013ರಲ್ಲಿ ಕರ್ನಾಟಕದ ಆಯೋಗ ತಾರಸಿ ಸೋಲಾರಿಗೆ ಯೂನಿಟ್ಟಿಗೆ 9.56 ರೂಪಾಯಿ, ಸಬ್ಸಿಡಿ ಪಡೆದಿದ್ದರೆ 7.20 ರೂಪಾಯಿ ನಿಗದಿಪಡಿಸಿತ್ತು. ಪ್ಯಾನೆಲ್ ಬೆಲೆ ಇಳಿದಂತೆ 2016ರಲ್ಲಿ ಹೊಸ ಅರ್ಜಿದಾರರ ದರವನ್ನು ಇಳಿಸಿತು, ಆಮೇಲೆಯೂ ಇಳಿಸುತ್ತಲೇ ಬಂದಿದೆ. ದರ ಬದಲಾಗುವುದು ಸಾಮಾನ್ಯವಾಗಿ ಹೊಸದಾಗಿ ಬರುವವರಿಗೆ, ಒಪ್ಪಂದ ಮಾಡಿಕೊಂಡವರಿಗಲ್ಲ. ಆದ್ದರಿಂದ ಎಸ್ಕಾಂ ಜೊತೆಗಿನ ಒಪ್ಪಂದ ಪತ್ರ ನಿಮ್ಮ ಮನೆಪತ್ರದಷ್ಟೇ ಮುಖ್ಯ. ಅದರಲ್ಲಿ ನೆಟ್ ಮೀಟರಿಂಗ್ ಎಂದೇ ಬರೆದಿದೆಯೇ ಎಂದು ನೋಡಿ. ತಯಾರಾದ ಇಡೀ ವಿದ್ಯುತ್ತನ್ನು ಎಸ್ಕಾಂಗೆ ಮಾರಿ, ಬಳಸಿದ್ದಕ್ಕೆಲ್ಲ ಮಾಮೂಲಿ ದರ ಕೊಡುವ ಗ್ರಾಸ್ ಮೀಟರಿಂಗ್ ಆಗಿದ್ದರೆ ನಾನು ಮೇಲೆ ಕೊಟ್ಟ ಅಂಕಿಗಳಾವುವೂ ಅನ್ವಯಿಸುವುದಿಲ್ಲ. ಒಪ್ಪಂದ ಕಾಪಾಡದ ಒಂದೇ ಸಂಗತಿ ನಿಗದಿತ ಶುಲ್ಕ, ಅದನ್ನು ಆಯೋಗ ಎಲ್ಲರಿಗೂ ಒಟ್ಟಿಗೆ ಏರಿಸಬಹುದು. 2 ಕಿಲೋವಾಟ್‌ಗೆ ನಿಲ್ಲಿ ಎಂದು ನಾನು ಹೇಳುವುದಕ್ಕೆ ಇದೂ ಕಾರಣ.

ಸ್ಮಾರ್ಟ್ ಮೀಟರ್ ಬಂದ ಮೇಲೆ ಗಂಟೆಗೊಂದು ದರವಾಗುತ್ತದೆಯಂತೆ ಎಂಬ ಭಯವೂ ಊರ ತುಂಬ ಹಬ್ಬಿದೆ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಮಾಡಿದ ತಿದ್ದುಪಡಿ, ಬಿಸಿಲಿನ ಗಂಟೆಗಳಲ್ಲಿ ದರ ಕನಿಷ್ಠ ಶೇ 20ರಷ್ಟು ಕಡಿಮೆ ಇರಬೇಕೆಂದೂ ಸಂಜೆಯ ಒತ್ತಡದ ಗಂಟೆಗಳಲ್ಲಿ ಹೆಚ್ಚಿರಬೇಕೆಂದೂ ಹೇಳುತ್ತದೆ. ಅದು ನಿಮ್ಮ ಬಿಲ್ಲಿಗೆ ಇಳಿಯುವುದು ರಾಜ್ಯದ ಆಯೋಗ ಗೃಹಬಳಕೆಗೆ ಅದನ್ನು ತನ್ನ ಆದೇಶದಲ್ಲಿ ಅಳವಡಿಸಿದಾಗ ಮಾತ್ರ. ಅಂಥ ದಿನ ಬಂದರೆ ಹಗಲಿನಲ್ಲಿ ಮೋಟರ್, ವಾಷಿಂಗ್ ಮೆಷಿನ್ ಓಡಿಸುವ ಮನೆಗೆ ಲಾಭ. ಪ್ಯಾನೆಲ್ ಮಾಲೀಕರಿಗೆ ಮಾತ್ರ ಹಗಲಿನ ಯೂನಿಟ್ಟಿನ ಬೆಲೆ ಕಡಿಮೆಯಾಗುತ್ತದೆ.

ಹಾಗಾದರೆ ಏನು ಮಾಡಬೇಕು? ನಿಮ್ಮ ಜಾಗದಲ್ಲಿ ನಾನಿದ್ದರೆ ಪ್ಯಾನೆಲ್‌ಗಿಂತ ಮೊದಲು ಸ್ನಾನದ ಮನೆಯನ್ನು ನೋಡುತ್ತಿದ್ದೆ. ಆರು ಜನರ ಮನೆಯಲ್ಲಿ 2 ಕಿಲೋವಾಟ್‌ನ ಗೀಸರ್ ಬೆಳಿಗ್ಗೆ ಒಟ್ಟು ಒಂದೂವರೆ ಗಂಟೆ ಉರಿದರೂ ತಿಂಗಳಿಗೆ 90 ಯೂನಿಟ್. ಅಂದರೆ ನಿಮ್ಮ ಬಿಲ್ಲಿನ ಸುಮಾರು ಮೂರನೆಯ ಒಂದು ಪಾಲು ನೀರು ಕಾಯಿಸುವುದಕ್ಕೇ ಹೋಗುತ್ತಿದೆ. ಸೋಲಾರ್ ವಾಟರ್ ಹೀಟರ್ ನಮ್ಮ ರಾಜ್ಯಕ್ಕೆ ಹೊಸದಲ್ಲ, ಅದನ್ನು ಹಾಕಿಸಿಕೊಂಡವರಿಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗಿನ ರಿಯಾಯಿತಿ ದರಪಟ್ಟಿಯಲ್ಲಿ ಬಹುಕಾಲದಿಂದ ಇದೆ. ದಾವಣಗೆರೆಯ ಬೋರ್‌ವೆಲ್ ನೀರು ಗಡಸಾದ್ದರಿಂದ ಕೊಳವೆಗಳಲ್ಲಿ ಸುಣ್ಣ ಕಟ್ಟದಂಥ ಮಾದರಿಯನ್ನು ಕೇಳಿ ಆರಿಸಿಕೊಳ್ಳಿ, ಇಲ್ಲದಿದ್ದರೆ ನಾಲ್ಕು ವರ್ಷಕ್ಕೆ ಅದು ತಾರಸಿಯ ಅಲಂಕಾರವಾಗಿ ಉಳಿಯುತ್ತದೆ. ಹಳೆಯ 75 ವಾಟ್ ಫ್ಯಾನುಗಳ ಜಾಗದಲ್ಲಿ 30 ವಾಟ್ ಸುತ್ತಮುತ್ತಲಿನ ಬಿ.ಎಲ್.ಡಿ.ಸಿ. ಫ್ಯಾನ್ ಹಾಕುವುದೂ ಲಾಭದ ಕೆಲಸ. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯ ಎಲ್.ಇ.ಡಿ. ಬಲ್ಬುಗಳನ್ನು ನೆನಪಿಸಿಕೊಳ್ಳಿ. ದೇಶದಲ್ಲಿ 36 ಕೋಟಿಗೂ ಹೆಚ್ಚು ಬಲ್ಬುಗಳು ಹಂಚಿಕೆಯಾದವು, ಬೆಲೆ ಕೈಗೆಟುಕುವಂತಾಯಿತು, ಯಾರೂ ಅದನ್ನು ಶುದ್ಧ ಇಂಧನ ನೀತಿ ಎಂದು ಕರೆಯಲಿಲ್ಲ. ಬಡವರ ಬಿಲ್ಲಿನ ಮಟ್ಟಿಗೆ ಯಾವ ಪ್ಯಾನೆಲ್ ಯೋಜನೆಯೂ ಮಾಡದಷ್ಟು ಉಪಕಾರವನ್ನು ಅದು ಮಾಡಿದೆ ಎಂಬುದು ನನ್ನ ನಂಬಿಕೆ.

ಬಳಕೆ 200 ಯೂನಿಟ್ ಆಸುಪಾಸಿಗೆ ಇಳಿದರೆ 2 ಕಿಲೋವಾಟ್ ಪ್ಯಾನೆಲ್ ನಿಮ್ಮ ಇಡೀ ಮನೆಯನ್ನು ಹೊತ್ತು ಇನ್ನೂ ಸ್ವಲ್ಪ ಮಿಗಿಸುತ್ತದೆ. ಹಣ ಒಂದಕ್ಕೇ ಇದ್ದರೆ, ಯೂನಿಟ್ಟಿಗೆ ಕಡಿಮೆ ಖರ್ಚಿನಲ್ಲಿ ಉಳಿತಾಯ ಕೊಡುವ ಹೀಟರ್ ಮೊದಲು. ಎರಡಕ್ಕೂ ಇದ್ದರೆ ಪ್ಯಾನೆಲ್ ವಿಚಾರದಲ್ಲಿ ಬಹಳ ತಡಮಾಡಬೇಡಿ, ಸೂರ್ಯಘರ್ ಯೋಜನೆಯ ಅವಧಿಯನ್ನು 2026-27ರ ಆರ್ಥಿಕ ವರ್ಷದವರೆಗೆ ನಿಗದಿಪಡಿಸಲಾಗಿದೆ. ಮಗ ಮುಂದೆ ವಿದ್ಯುತ್ ಸ್ಕೂಟರ್ ಕೊಳ್ಳುವ, ಎ.ಸಿ. ಹಾಕಿಸುವ ಯೋಚನೆಯಲ್ಲಿದ್ದರೆ ಮೂರನೆಯ ಕಿಲೋವಾಟ್‌ಗೂ ಕೆಲಸ ಸಿಗುತ್ತದೆ, ಆಗ ನನ್ನ ಲೆಕ್ಕವನ್ನು ನೀವೇ ತಿದ್ದಿಕೊಳ್ಳಬಹುದು. ಸದ್ಯಕ್ಕೆ ಕಬ್ಬಿಣದ ಚೌಕಟ್ಟಿನ ಪಕ್ಕದಲ್ಲಿ ಅಷ್ಟು ಜಾಗ ಬಿಟ್ಟಿಡಿ, ಕಿಲೋವಾಟೊಂದಕ್ಕೆ ನೂರು ಚದರ ಅಡಿ ಸಾಕು. ಅರ್ಜಿಯ ವಿಷಯದಲ್ಲಿ ಯಾರಾದರೂ ಸಾಧ್ಯತಾ ಪರಿಶೀಲನೆ ಬಾಕಿಯಿದೆ ಎಂದು ಸತಾಯಿಸಿದರೆ, 2024ರ ಫೆಬ್ರುವರಿಯ ತಿದ್ದುಪಡಿಯ ಪ್ರಕಾರ 10 ಕಿಲೋವಾಟ್‌ವರೆಗಿನ ಮನೆಗಳಿಗೆ ಆ ಪರಿಶೀಲನೆಯೇ ಬೇಕಿಲ್ಲ ಎಂಬುದು ನಿಮಗೆ ತಿಳಿದಿರಲಿ.

ಸಹಿ ಹಾಕುವ ಮೊದಲು ಮಾಡಬೇಕಾದ ಕೊನೆಯ ಕೆಲಸಕ್ಕೆ ಎಂಜಿನಿಯರ್ ಬೇಕಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ತಾರಸಿಗೆ ಹೋಗಿ ನೀರಿನ ಟ್ಯಾಂಕಿನ, ಅಕ್ಕಪಕ್ಕದ ಮನೆಗಳ, ಇದ್ದರೆ ತೆಂಗಿನ ಮರದ ನೆರಳು ಎಲ್ಲಿ ಬೀಳುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಮಾಡಿ. ಸಾಧ್ಯವಾದರೆ ಡಿಸೆಂಬರಿನಲ್ಲಿ ಮಾಡಿ, ಆಗ ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಉದ್ದವಾಗಿರುತ್ತದೆ. ಪ್ಯಾನೆಲ್‌ಗಳನ್ನು ಸಾಲಾಗಿ ಪೋಣಿಸಿರುವುದರಿಂದ ಒಂದರ ಮೂಲೆಗೆ ಬಿದ್ದ ಗರಿಯ ನೆರಳು ಇಡೀ ಸಾಲನ್ನು ಕುಗ್ಗಿಸಬಲ್ಲದು. ಆ ಗುರುತುಗಳ ಹೊರಗೆ ದಕ್ಷಿಣಕ್ಕೆ ಮುಖಮಾಡಿ ಇನ್ನೂರು ಚದರ ಅಡಿ ಸಿಕ್ಕಿದರೆ ಪ್ರತಿನಿಧಿಯನ್ನು ಮತ್ತೆ ಕರೆಸಿ, 2 ಕಿಲೋವಾಟ್‌ಗೆ ದರಪತ್ರ ಕೇಳಿ.